ಸಮವಸ್ತ್ರಕ್ಕೂ ಮೊದಲು ಲೆಕ್ಕ ಕೇಳುವ ಕಚೇರಿ: ಉತ್ತರ ಐರ್ಲೆಂಡ್ ಪೊಲೀಸ್ ಸುಧಾರಣೆಯ ಪ್ರಕರಣ ಅಧ್ಯಯನ

ಮೂವತ್ತು ವರ್ಷ ಬಾಂಬು, ಬಂದೂಕುಗಳ ನಡುವೆ ಬದುಕಿದ ನಾಡಿನಲ್ಲಿ, ಆ ಸಂಘರ್ಷದಲ್ಲಿ ತಾನೂ ಒಂದು ಕಡೆಯವನೆನಿಸಿಕೊಂಡ ಪೊಲೀಸನನ್ನು ಎರಡೂ ಕಡೆಯವರ ಪೊಲೀಸನನ್ನಾಗಿ ಮಾಡುವುದು ಹೇಗೆ? ಉತ್ತರ ಐರ್ಲೆಂಡ್‌ನಲ್ಲಿ 1998ರಿಂದ ನಡೆದದ್ದು ಈ ಪ್ರಯತ್ನ. ಇಲ್ಲಿ ಅದನ್ನು ನಿರ್ಧಾರಗಳ ಕಡೆಯಿಂದ ನೋಡಿದ್ದೇವೆ: ಯಾವ ಹೆಜ್ಜೆ ಮೊದಲು ಬಿತ್ತು, ಯಾವುದು ತಡವಾಯಿತು, ಯಾವುದನ್ನು ಇಡಲೇ ಇಲ್ಲ. ಸತ್ತವರು, ಅರ್ಜಿ ಹಾಕಿ ಕೆಲಸ ಸಿಗದವರು, ಅಧಿಕಾರಿಗಳು, ರಾಜಕಾರಣಿಗಳು ಯಾರ ಹೆಸರೂ ಈ ಬರಹದಲ್ಲಿಲ್ಲ. ಎಲ್ಲರನ್ನೂ ಹುದ್ದೆಯಿಂದಲೇ ಗುರುತಿಸಿದ್ದೇವೆ. ಆಯೋಗವೊಂದಕ್ಕೆ ಅದರ ಅಧ್ಯಕ್ಷರ ಹೆಸರೇ ಅಂಟಿಕೊಂಡಿರುವುದರಿಂದ ಅದೊಂದನ್ನು ಮಾತ್ರ ಹಾಗೇ ಬಿಟ್ಟಿದ್ದೇವೆ.

ಹಿನ್ನೆಲೆ

ರಾಯಲ್ ಅಲ್ಸ್ಟರ್ ಕಾನ್‌ಸ್ಟ್ಯಾಬ್ಯುಲರಿ, ಅಂದರೆ ಆರ್‌ಯುಸಿ, ಹುಟ್ಟಿದ್ದು 1922ರ ಜೂನ್ 1ರಂದು. ಐರ್ಲೆಂಡ್ ಎರಡಾಗಿ, ಉತ್ತರದ ಆರು ಕೌಂಟಿಗಳು ಬ್ರಿಟನ್ನಿನ ಜೊತೆಯಲ್ಲೇ ಉಳಿದ ಹೊತ್ತು ಅದು. ಅಲ್ಲಿ ಬಹುಸಂಖ್ಯಾತರಾದ ಪ್ರೊಟೆಸ್ಟಂಟರು ಹೆಚ್ಚಾಗಿ ಬ್ರಿಟನ್ನಿನ ಪರ, ಅಲ್ಪಸಂಖ್ಯಾತರಾದ ಕ್ಯಾಥೊಲಿಕರು ಹೆಚ್ಚಾಗಿ ಐರ್ಲೆಂಡ್ ಒಂದಾಗಬೇಕೆನ್ನುವವರು. ಹೊಸ ಪಡೆಯಲ್ಲಿ ಮೂರನೇ ಒಂದು ಪಾಲು ಹುದ್ದೆಗಳನ್ನು ಕ್ಯಾಥೊಲಿಕರಿಗೆ ತೆಗೆದಿರಿಸಲಾಗಿತ್ತು. ಆ ಪಾಲು ಎಂದೂ ತುಂಬಲಿಲ್ಲ. ಮುಂದೆ ಬರುವ ಕೋಟಾದ ಕಥೆಯನ್ನು ಓದುವಾಗ ಇದನ್ನು ನೆನಪಿಡಬೇಕು. ಕಾಗದದ ಮೇಲಿನ ಪಾಲು ಈ ನೆಲದಲ್ಲಿ ಹಿಂದೊಮ್ಮೆ ಸೋತಿತ್ತು.

1960ರ ದಶಕದ ಕೊನೆಗೆ ನಾಗರಿಕ ಹಕ್ಕುಗಳ ಮೆರವಣಿಗೆಗಳ ಮೇಲೆ ಲಾಠಿ ಬೀಸಿದ್ದು ಇದೇ ಪಡೆ. 1969ರಲ್ಲಿ ಬೀದಿ ಕೈಮೀರಿದಾಗ ಬ್ರಿಟಿಷ್ ಸೈನ್ಯ ಇಳಿಯಿತು. ಅದೇ ವರ್ಷ ಬಂದ ವರದಿಯೊಂದು ಪೊಲೀಸರು ಬಂದೂಕು ಕೆಳಗಿಡಬೇಕು, ಪ್ರೊಟೆಸ್ಟಂಟರೇ ತುಂಬಿದ್ದ ಅರೆಕಾಲಿಕ ಪಡೆಯನ್ನು ವಿಸರ್ಜಿಸಬೇಕು ಎಂದಿತು. ಅರೆಕಾಲಿಕ ಪಡೆ ಹೋಯಿತು. ಬಂದೂಕು ಮಾತ್ರ ಹೆಚ್ಚು ದಿನ ಕೆಳಗಿರಲಿಲ್ಲ. 1970ರ ದಶಕದ ನಡುವಿನಿಂದ ಬ್ರಿಟಿಷ್ ಸರ್ಕಾರ ಸೈನ್ಯವನ್ನು ಹಿಂದಕ್ಕೆ ಸರಿಸಿ ಪೊಲೀಸರನ್ನೇ ಮುಂಚೂಣಿಗೆ ತಂದಿತು. ಅಲ್ಲಿಂದ ಮುಂದೆ ಕಳ್ಳತನದ ದೂರು ಬರೆದುಕೊಳ್ಳುವ ಠಾಣೆಯೂ, ಉಗ್ರರ ವಿರುದ್ಧ ಗುಪ್ತ ಕಾರ್ಯಾಚರಣೆ ನಡೆಸುವ ಕೇಂದ್ರವೂ ಒಂದೇ ಮುಳ್ಳುತಂತಿಯ ಬೇಲಿಯೊಳಗೆ ಸೇರಿಕೊಂಡವು.

ಸಂಘರ್ಷದ ಒಟ್ಟು ಬಲಿ 3,500ಕ್ಕೂ ಹೆಚ್ಚು. ಅವರಲ್ಲಿ ಆರ್‌ಯುಸಿಯವರೇ 300ಕ್ಕೂ ಹೆಚ್ಚು ಮಂದಿ. ಪೊಲೀಸರ ಮನೆಗಳಲ್ಲಿ ಸಮವಸ್ತ್ರದ ಹಸಿರು ಅಂಗಿಯನ್ನು ಹಿತ್ತಲಿನ ಹಗ್ಗದ ಮೇಲೆ ಒಣಹಾಕುತ್ತಿರಲಿಲ್ಲ. ಒಳಕೋಣೆಯಲ್ಲೇ ಒಣಗಬೇಕಿತ್ತು, ಯಾಕೆಂದರೆ ಹಗ್ಗದ ಮೇಲಿನ ಅಂಗಿ ಮನೆಯ ವಿಳಾಸವನ್ನೇ ಹೇಳಿಬಿಡುತ್ತದೆ. ಬೆಳಿಗ್ಗೆ ಡ್ಯೂಟಿಗೆ ಹೊರಡುವ ಮುನ್ನ ಮೊಣಕಾಲೂರಿ ಕಾರಿನ ಅಡಿಯಲ್ಲಿ ಏನಾದರೂ ಅಂಟಿಸಿದ್ದಾರೆಯೇ ಎಂದು ಇಣುಕುವುದು ಹಲ್ಲುಜ್ಜಿದಷ್ಟೇ ಸಹಜವಾಗಿತ್ತು. ಶಾಲೆಯಲ್ಲಿ ಅಪ್ಪನ ಕೆಲಸ ಕೇಳಿದರೆ ಮಕ್ಕಳು ಬೇರೇನೋ ಹೇಳುತ್ತಿದ್ದರು.

1998ರ ಶಾಂತಿ ಒಪ್ಪಂದದ ಹೊತ್ತಿಗೆ ಜನಸಂಖ್ಯೆಯಲ್ಲಿ ಕ್ಯಾಥೊಲಿಕರು ಶೇ 40ಕ್ಕೂ ಹೆಚ್ಚು, ಪಡೆಯಲ್ಲಿ ಸುಮಾರು ಶೇ 8. ಇದಕ್ಕೆ ಒಂದೇ ಕಾರಣ ಹೇಳುವವರನ್ನು ನಂಬಬಾರದು. ಪಡೆ ತಮ್ಮದಲ್ಲ ಎಂಬ ಭಾವನೆ ಇತ್ತು. ಸೇರಿದ ಕ್ಯಾಥೊಲಿಕನನ್ನು, ಬ್ರಿಟಿಷ್ ಆಳ್ವಿಕೆಯ ವಿರುದ್ಧ ಬಂದೂಕು ಹಿಡಿದಿದ್ದ ಐಆರ್‌ಎ ಸಂಘಟನೆ ಹುಡುಕಿ ಕೊಲ್ಲುತ್ತದೆ ಎಂಬ ಭಯವೂ ಇತ್ತು. ಸೇರಿದ ಮೇಲೆ ಊರಿನ ಆಟದ ಮೈದಾನಕ್ಕೂ ಪ್ರವೇಶವಿರಲಿಲ್ಲ: ಐರಿಷ್ ಸಮುದಾಯದ ಬದುಕಿನ ನಡುಗಂಬದಂತಿರುವ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್, ತನ್ನ 21ನೇ ನಿಯಮದ ಪ್ರಕಾರ ಪೊಲೀಸರಿಗೂ ಬ್ರಿಟಿಷ್ ಸೈನಿಕರಿಗೂ ಸದಸ್ಯತ್ವ ಕೊಡುತ್ತಿರಲಿಲ್ಲ.

ಸಮಸ್ಯೆ

1998ರ ಏಪ್ರಿಲ್ 10ರಂದು ಗುಡ್ ಫ್ರೈಡೇ ಒಪ್ಪಂದಕ್ಕೆ ಸಹಿ ಬಿತ್ತು. ಸರ್ಕಾರ ಹಂಚಿಕೊಳ್ಳುವುದು, ಕೈದಿಗಳ ಬಿಡುಗಡೆಯಂಥ ಕಗ್ಗಂಟುಗಳೂ ಆ ಮೇಜಿನ ಮೇಲೆ ಬಿಡಿಸಿಕೊಂಡವು. ಪೊಲೀಸ್ ವಿಷಯ ಬಿಡಿಸಿಕೊಳ್ಳಲಿಲ್ಲ. ಬ್ರಿಟನ್ನಿನ ಜೊತೆ ಇರಬೇಕೆನ್ನುವ ಯೂನಿಯನಿಸ್ಟರಿಗೆ ಆರ್‌ಯುಸಿ ಎಂದರೆ ತಮಗಾಗಿ ಪ್ರಾಣ ಕೊಟ್ಟ ಮಕ್ಕಳು. ಅದರ ಹೆಸರು ಮುಟ್ಟಿದರೆ ಗೋರಿ ಕೆದಕಿದಂತೆ. ಐರ್ಲೆಂಡ್ ಒಂದಾಗಬೇಕೆನ್ನುವ ರಿಪಬ್ಲಿಕನ್ನರಿಗೆ ಆ ಪಡೆ ವಿಸರ್ಜನೆಯಾಗುವುದಕ್ಕಿಂತ ಕಡಿಮೆಯಾದ ಯಾವುದೂ ಸುಧಾರಣೆ ಅನ್ನಿಸುತ್ತಿರಲಿಲ್ಲ.

ಇಲ್ಲಿ ಮೊದಲ ದೊಡ್ಡ ನಿರ್ಧಾರ ಬಂತು. ಸಂಧಾನಕಾರರು ವಿವರಗಳ ಬಗ್ಗೆ ಹಗ್ಗಜಗ್ಗಾಟ ಮುಂದುವರಿಸಲಿಲ್ಲ. ಪಡೆ ನಿಷ್ಪಕ್ಷಪಾತವಾಗಿರಬೇಕು, ಯಾವ ಪಕ್ಷದ ಕೈಗೂ ಸಿಗಬಾರದು, ಕಾನೂನಿಗೂ ಸಮುದಾಯಕ್ಕೂ ಉತ್ತರ ಹೇಳಬೇಕು, ಸಮಾಜದ ಎಲ್ಲರನ್ನೂ ಪ್ರತಿನಿಧಿಸಬೇಕು ಎಂಬ ಗುಣಗಳಿಗೆ ಮಾತ್ರ ಒಪ್ಪಿಕೊಂಡರು. ಅವುಗಳನ್ನು ಪಡೆಯುವ ದಾರಿಯನ್ನು ಸ್ವತಂತ್ರ ಆಯೋಗಕ್ಕೆ ಬಿಟ್ಟರು. ವರದಿ ಕೊಡಲು 1999ರ ಬೇಸಿಗೆಯವರೆಗೆ ಗಡುವು. ಬಗೆಹರಿಯದ ವಿಷಯವನ್ನು ಹೊರಗಿಟ್ಟರೂ ಅದಕ್ಕೆ ಅಳತೆಗೋಲು ಮತ್ತು ಗಡುವು ಎರಡನ್ನೂ ಒಪ್ಪಂದದಲ್ಲೇ ಬರೆದರು. ಬರೀ ‘ಮುಂದೆ ನೋಡೋಣ’ ಎಂದಿದ್ದರೆ ಕಡತ ಇಂದಿಗೂ ಮುಂದೆಯೇ ಇರುತ್ತಿತ್ತು ಎಂದು ನಮಗೆ ಅನ್ನಿಸುತ್ತದೆ.

ಆಯೋಗ

ಪ್ಯಾಟನ್ ಆಯೋಗದಲ್ಲಿ ಎಂಟು ಜನ. ಉತ್ತರ ಐರ್ಲೆಂಡ್‌ನವರಿದ್ದರು, ಲಂಡನ್ ಪೊಲೀಸ್‌ನ ನಿವೃತ್ತ ಹಿರಿಯ ಅಧಿಕಾರಿಯಿದ್ದರು, ಅಮೆರಿಕದಿಂದ ಇಬ್ಬರು, ಜೊತೆಗೆ ಅಪರಾಧಶಾಸ್ತ್ರದ ಪ್ರಾಧ್ಯಾಪಕರೊಬ್ಬರು. ಆಗ ಇದ್ದ 26 ಜಿಲ್ಲಾ ಕೌನ್ಸಿಲ್‌ಗಳ ವ್ಯಾಪ್ತಿಯಲ್ಲೂ ಬಹಿರಂಗ ಸಭೆ ನಡೆಸಿದರು. ಸುಮಾರು 10,000 ಜನ ಬಂದರು, ಸಾವಿರಕ್ಕೂ ಹೆಚ್ಚು ಮಂದಿ ಎದ್ದು ನಿಂತು ಮಾತಾಡಿದರು. ಪೊಲೀಸರ ಗುಂಡಿಗೆ ಮಗನನ್ನು ಕಳೆದುಕೊಂಡವರು ಮಾತಾಡಿದರು, ಪೊಲೀಸನಾಗಿದ್ದ ಗಂಡನನ್ನು ಬಾಂಬಿಗೆ ಕಳೆದುಕೊಂಡವರೂ ಮಾತಾಡಿದರು. ಎಷ್ಟೋ ಊರುಗಳಲ್ಲಿ ಈ ಎರಡು ನೋವುಗಳನ್ನು ಒಬ್ಬರೇ ಅಧಿಕಾರಸ್ಥರು ಕೂತು ಕೇಳಿಸಿಕೊಂಡದ್ದು ಅದೇ ಮೊದಲಿರಬೇಕು.

1999ರ ಸೆಪ್ಟೆಂಬರ್ 9ರಂದು ಹೊರಬಂದ ವರದಿಯಲ್ಲಿ 175 ಶಿಫಾರಸುಗಳಿದ್ದವು. ಎರಡು ಸಲಹೆಗಳನ್ನು ಆಯೋಗ ತಳ್ಳಿಹಾಕಿತ್ತು: ಪಡೆಯನ್ನು ವಿಸರ್ಜಿಸಿ ಸೊನ್ನೆಯಿಂದ ಕಟ್ಟುವುದು ಒಂದು, ಪ್ರದೇಶಕ್ಕೊಂದರಂತೆ ಬೇರೆ ಬೇರೆ ಪಡೆ ಮಾಡುವುದು ಇನ್ನೊಂದು. ಎರಡನೆಯದಕ್ಕೆ ಒಪ್ಪಿದ್ದರೆ ಒಂದೊಂದು ಸಮುದಾಯಕ್ಕೆ ಒಂದೊಂದು ಪೊಲೀಸ್ ಎಂದಾಗುತ್ತಿತ್ತು. ಹಳೆಯ ತಪ್ಪುಗಳಿಗೆ ಯಾರು ಹೊಣೆ ಎಂದು ತೀರ್ಪು ಕೊಡುವುದು ತನ್ನ ಕೆಲಸವಲ್ಲ ಎಂದೂ ಆಯೋಗ ತೀರ್ಮಾನಿಸಿತು. ಆ ಗಳಿಗೆಯಲ್ಲಿ ಅದು ಸರಿಯಾದ ತೀರ್ಮಾನವೇ. ಆದರೆ ಆ ಕೆಲಸವನ್ನು ಇನ್ನಾರಿಗೂ ಒಪ್ಪಿಸದೆ ಬಿಟ್ಟದ್ದರ ಬೆಲೆ ಏನೆಂದು ಮುಂದೆ ಕಾಣುತ್ತದೆ.

ಏನೇನು ಮಾಡಿದರು, ಯಾವ ಕ್ರಮದಲ್ಲಿ

ಇಡೀ ಪ್ರಕರಣದಲ್ಲಿ ಹೆಚ್ಚು ಗಮನಿಸಬೇಕಾದದ್ದು ದಿನಾಂಕಗಳ ಸಾಲು. ಜಾರಿಯ ಮೇಲೆ ಕಣ್ಣಿಡುವ ಉಸ್ತುವಾರಿ ಆಯುಕ್ತರು ನೇಮಕವಾದದ್ದು 2000ದ ಮೇ ತಿಂಗಳಲ್ಲಿ. ಪೊಲೀಸರ ಮೇಲಿನ ದೂರು ಕೇಳುವ ಪೊಲೀಸ್ ಒಂಬುಡ್ಸ್‌ಮನ್ ಕಚೇರಿ ಬಾಗಿಲು ತೆರೆದದ್ದು 2000ದ ನವೆಂಬರ್ 6ರಂದು. ಪೊಲೀಸ್ ಮಂಡಳಿ ಅಧಿಕಾರ ವಹಿಸಿಕೊಂಡದ್ದು 2001ರ ನವೆಂಬರ್ 4ರಂದು, ಆರ್‌ಯುಸಿ ಹೆಸರು ಹೋಗಿ ಪೊಲೀಸ್ ಸರ್ವಿಸ್ ಆಫ್ ನಾರ್ದರ್ನ್ ಐರ್ಲೆಂಡ್, ಅಂದರೆ ಪಿಎಸ್‌ಎನ್‌ಐ, ಬಂದದ್ದೂ ಅದೇ ದಿನ. ಲೆಕ್ಕ ಕೇಳುವವರು ಮೊದಲು ಬಂದರು, ಹೊಸ ಹೆಸರಿನ ಫಲಕ ಆಮೇಲೆ ಏರಿತು. ಬಹಳ ಕಡೆ ಇದು ತಲೆಕೆಳಗಾಗಿ ನಡೆಯುತ್ತದೆ. ಮೊದಲು ಹೊಸ ಸಮವಸ್ತ್ರ, ಹೊಸ ಜೀಪು ಬರುತ್ತವೆ. ದೂರು ಕೇಳುವ ಕಚೇರಿಗೆ ಕುರ್ಚಿ ಬರುವ ಹೊತ್ತಿಗೆ ಜನ ಹೊಸ ಸಮವಸ್ತ್ರದಲ್ಲಿ ಹಳೆಯ ಮುಖ ಗುರುತಿಸಿ ಆಗಿರುತ್ತದೆ.

ಒಂಬುಡ್ಸ್‌ಮನ್ ಕಚೇರಿಗೆ ಸ್ವಂತ ತನಿಖಾಧಿಕಾರಿಗಳಿದ್ದರು. ಬಂಧಿಸುವ, ಶೋಧಿಸುವ ಅಧಿಕಾರವೂ ಅವರಿಗಿತ್ತು. ಪೊಲೀಸರ ಮೇಲಿನ ದೂರನ್ನು ಪೊಲೀಸರೇ ತನಿಖೆ ಮಾಡುವ ಪದ್ಧತಿ ನಿಂತಿತು. ಪೊಲೀಸರ ಕೈಯಿಂದ ಸಾವಾಗಿರಬಹುದು ಎಂದಾದರೆ ಯಾರೂ ದೂರು ಕೊಡದಿದ್ದರೂ ಪ್ರಕರಣ ನೇರ ಅಲ್ಲಿಗೇ ಹೋಗಬೇಕು.

ಮಂಡಳಿಯಲ್ಲಿ 19 ಜನ. ಹತ್ತು ಮಂದಿ ಶಾಸನಸಭೆಯ ಸದಸ್ಯರು, ಪಕ್ಷಗಳ ಬಲಕ್ಕೆ ತಕ್ಕ ಪ್ರಮಾಣದಲ್ಲಿ. ಉಳಿದ ಒಂಬತ್ತು ಮಂದಿ ಯಾವ ಪಕ್ಷಕ್ಕೂ ಸೇರದವರು. ಮುಖ್ಯ ಪೊಲೀಸ್ ಅಧಿಕಾರಿಯನ್ನು ಆರಿಸುವುದು, ವರ್ಷದ ಯೋಜನೆಯ ಗುರಿ ಹಾಕುವುದು, ಬಹಿರಂಗ ಸಭೆಯಲ್ಲಿ ಅವರನ್ನು ಕೂರಿಸಿ ಪ್ರಶ್ನೆ ಕೇಳುವುದು, ಬೇಕಾದರೆ ವಿಚಾರಣೆಗೆ ಆದೇಶಿಸುವುದು ಮಂಡಳಿಯ ಕೆಲಸ. ಆದರೆ ಯಾರನ್ನು ಬಂಧಿಸಬೇಕು, ಯಾವ ಬೀದಿಗೆ ಎಷ್ಟು ಜನ ಕಳಿಸಬೇಕು ಎಂದು ಅದು ಹೇಳುವಂತಿಲ್ಲ. ಈ ಗೆರೆಯನ್ನು ಕಾಯ್ದೆಯಲ್ಲೇ ಎಳೆದದ್ದರಿಂದ ಮಂಡಳಿ ರಾಜಕಾರಣಿಗಳ ದರ್ಬಾರು ಆಗಲಿಲ್ಲ.

ಮೊದಲ ಉಸ್ತುವಾರಿ ಆಯುಕ್ತರು ಅಮೆರಿಕದಿಂದ ಬಂದವರು. 175 ಶಿಫಾರಸುಗಳನ್ನು ಅವರ ಕಚೇರಿ 772 ಅಳೆಯಬಲ್ಲ ಸೂಚಕಗಳಾಗಿ ಒಡೆಯಿತು. ‘ಪೊಲೀಸರು ಸಮುದಾಯದ ಜೊತೆ ಬೆರೆಯಬೇಕು’ ಎಂಬ ವಾಕ್ಯಕ್ಕೆ ಯಾರು ಬೇಕಾದರೂ ‘ಆಗಿದೆ’ ಎಂದು ಟಿಕ್ ಹಾಕಬಹುದು. ಬೀಟ್‌ಗೆ ಎಷ್ಟು ಜನ, ಒಬ್ಬರೇ ಅಧಿಕಾರಿ ಒಂದೇ ಪ್ರದೇಶದಲ್ಲಿ ಎಷ್ಟು ಕಾಲ, ತರಬೇತಿಯ ದಾಖಲೆ ಎಲ್ಲಿ ಎಂದು ಕೇಳಿದರೆ ಟಿಕ್ ಹಾಕುವ ಕೈ ನಿಲ್ಲುತ್ತದೆ. ವರದಿಗಳು ನೇರವಾಗಿ ಜನರ ಕೈಗೆ ಬಂದವು, 2007ರ ಮೇ ತಿಂಗಳ ಕೊನೆಯ ವರದಿಯವರೆಗೆ.

ಹೆಸರು ಮತ್ತು ಲಾಂಛನ

ಇದನ್ನು ಬರೀ ಸಾಂಕೇತಿಕ ಎಂದು ಬದಿಗೆ ಸರಿಸುವವರಿದ್ದಾರೆ. ಅಲ್ಲಿ ಅತಿ ಹೆಚ್ಚು ಕಣ್ಣೀರು ಬಿದ್ದದ್ದು ಇದಕ್ಕೇ. ಹೆಸರು ಹೋಗುವ ಮುನ್ನವೇ ಇಡೀ ಆರ್‌ಯುಸಿಗೆ ಬ್ರಿಟನ್ನಿನ ಶೌರ್ಯ ಪದಕವಾದ ಜಾರ್ಜ್ ಕ್ರಾಸ್ ಘೋಷಣೆಯಾಯಿತು. 2000ದ ಏಪ್ರಿಲ್‌ನಲ್ಲಿ ರಾಣಿಯೇ ಬಂದು ಕೊಟ್ಟರು. ಕಾನೂನಿನ ಪುಟದಲ್ಲಿ ಹೊಸ ಹೆಸರಿನ ಜೊತೆಗೆ ‘ಆರ್‌ಯುಸಿಯನ್ನು ಒಳಗೊಂಡ’ ಎಂಬ ಮಾತು ಉಳಿಯಿತು, ದಿನದ ಬಳಕೆಯಿಂದ ಅದನ್ನು ಬಿಡಲಾಯಿತು. 2003ರಲ್ಲಿ ಕೇಂದ್ರ ಕಚೇರಿಯ ಆವರಣದಲ್ಲಿ ಮಡಿದವರ ಸ್ಮಾರಕ ಉದ್ಯಾನ ತೆರೆಯಿತು. ಕಳೆದುಕೊಳ್ಳುವ ಕಡೆಯವರ ದುಃಖಕ್ಕೆ ಜಾಗ ಮಾಡಿಕೊಟ್ಟೇ ಹೆಸರು ತೆಗೆದರು.

ಲಾಂಛನದ ತೀರ್ಮಾನ ಹೊಸ ಮಂಡಳಿಯ ಮುಂದೆ ಬಂದ ಮೊದಲ ಪರೀಕ್ಷೆ. ಬ್ರಿಟನ್ನಿನ ಗುರುತಾದ ಕಿರೀಟ ಬೇಡ ಎಂದು ಒಬ್ಬರು, ಐರಿಷ್ ಗುರುತಾದ ಹಾರ್ಪ್ ವಾದ್ಯ ಬೇಡ ಎಂದು ಇನ್ನೊಬ್ಬರು. ಎರಡೂ ಬೇಡ ಎಂದು ತೀರ್ಮಾನಿಸಿ ಬೋಳು ಚಿಹ್ನೆ ಮಾಡಬಹುದಿತ್ತು. ಮಂಡಳಿ 2001ರ ಡಿಸೆಂಬರ್‌ನಲ್ಲಿ ಒಪ್ಪಿದ್ದು ಇದರ ವಿರುದ್ಧದ ದಾರಿ: ನಡುವೆ ಸಂತ ಪ್ಯಾಟ್ರಿಕ್‌ನ ಶಿಲುಬೆ, ಸುತ್ತ ಆರು ಚಿಹ್ನೆ. ಕಿರೀಟ, ಹಾರ್ಪ್, ಶ್ಯಾಮ್ರಾಕ್ ಎಂಬ ಮೂರೆಲೆ, ತಕ್ಕಡಿ, ಪಂಜು ಅವುಗಳಲ್ಲಿ ಸೇರಿದ್ದವು. ಪ್ರತಿಯೊಬ್ಬರಿಗೂ ತಮ್ಮದೊಂದು ಸಿಕ್ಕಿತು, ಎದುರಿನವರದ್ದನ್ನೂ ಎದೆಯ ಮೇಲೆ ಹೊರಬೇಕಾಯಿತು. ಗುಡ್ ಫ್ರೈಡೇ ಒಪ್ಪಂದವನ್ನೇ ವಿರೋಧಿಸಿದ್ದ ಪಕ್ಷದವರೂ ಆ ಮೇಜಿನ ಸುತ್ತ ಕೂತಿದ್ದರು ಎನ್ನುವುದನ್ನು ಮರೆಯಬಾರದು.

ಅರ್ಧಕ್ಕರ್ಧ ನೇಮಕಾತಿ

ಹೊರಗಿನವರು ಈ ಪ್ರಕರಣದಿಂದ ನಕಲು ಮಾಡಲು ಬಯಸುವುದು ಹೆಚ್ಚಾಗಿ ಇದನ್ನೇ, ಅರ್ಧಂಬರ್ಧ ನಕಲು ಮಾಡುವುದೂ ಇದನ್ನೇ. ನಿಯಮ ಹೀಗಿತ್ತು. ಅರ್ಜಿದಾರರೆಲ್ಲ ಒಂದೇ ಪರೀಕ್ಷೆ, ಒಂದೇ ದೈಹಿಕ ಪರೀಕ್ಷೆ, ಒಂದೇ ಹಿನ್ನೆಲೆ ಪರಿಶೀಲನೆ ದಾಟಬೇಕು. ಅರ್ಹತೆಯ ಗೆರೆ ಯಾರಿಗೂ ಇಳಿಯುವುದಿಲ್ಲ. ಗೆರೆ ದಾಟಿದವರೆಲ್ಲ ಒಂದೇ ಪಟ್ಟಿಗೆ ಸೇರುತ್ತಾರೆ. ಆ ಪಟ್ಟಿಯಿಂದ ನೇಮಿಸಿಕೊಳ್ಳುವಾಗ ಮಾತ್ರ ಕ್ಯಾಥೊಲಿಕರು ಅರ್ಧ, ಉಳಿದವರೆಲ್ಲ ಸೇರಿ ಅರ್ಧ. ನೇಮಕಾತಿಯನ್ನು ಪೊಲೀಸ್ ಇಲಾಖೆಯ ಹೊರಗಿನ ಸಂಸ್ಥೆಗೆ ಒಪ್ಪಿಸಲಾಗಿತ್ತು. ಯುರೋಪಿಯನ್ ಒಕ್ಕೂಟದ ಉದ್ಯೋಗ ಸಮಾನತೆಯ ನಿರ್ದೇಶನದಲ್ಲಿ ಇದಕ್ಕೆಂದೇ ವಿನಾಯಿತಿ ಬರೆಸಬೇಕಾಯಿತು. ಕಾಯ್ದೆಯಲ್ಲಿ ಈ ನಿಯಮ ತಾತ್ಕಾಲಿಕ, ಮೂರು ವರ್ಷಕ್ಕೊಮ್ಮೆ ಸರ್ಕಾರ ಕಾರಣ ಕೊಟ್ಟು ನವೀಕರಿಸಬೇಕಿತ್ತು.

ನೋವಿಲ್ಲದ ನಿಯಮವೇನೂ ಅಲ್ಲ ಇದು. ಅರ್ಹತೆಯ ಗೆರೆ ದಾಟಿಯೂ, ಕ್ಯಾಥೊಲಿಕ್ ಅಲ್ಲ ಎಂಬ ಒಂದೇ ಕಾರಣಕ್ಕೆ ನೂರಾರು ಯುವಕ ಯುವತಿಯರು ಮನೆಗೆ ಮರಳಿದರು. ಒಬ್ಬರು ನ್ಯಾಯಾಲಯದ ಮೆಟ್ಟಿಲೇರಿದರು, ಅರ್ಜಿ ವಜಾ ಆಯಿತು. ಆ ತಲೆಮಾರಿನ ಹುಡುಗರು ಹಳೆಯ ಅನ್ಯಾಯಕ್ಕೆ ಯಾವ ರೀತಿಯಲ್ಲೂ ಹೊಣೆಯಲ್ಲ. ಅವರಿಗಾದ ನಷ್ಟ ನಿಜವಾದದ್ದು. ಆದರೂ ನಿಯಮವನ್ನು ಸಮರ್ಥಿಸಲೇಬೇಕು ಎಂಬುದು ನಮ್ಮ ನಿಲುವು. ಕಾರಣ ಸರಳ: ಶೇ 8ರ ಪಡೆಯನ್ನು ಅರ್ಧ ಜನ ಒಪ್ಪದಿದ್ದರೆ ಉಳಿದರ್ಧಕ್ಕೂ ಸುರಕ್ಷತೆ ಸಿಗುವುದಿಲ್ಲ.

ಇಲ್ಲಿ ಕೋಟಾದಷ್ಟೇ ಮುಖ್ಯವಾದ ಇನ್ನೊಂದು ಯಂತ್ರ ಕೆಲಸ ಮಾಡುತ್ತಿತ್ತು. ಸುಧಾರಣೆಗೆ ಮುನ್ನ ಸುಮಾರು 8,500 ಕಾಯಂ ಪೊಲೀಸರು, 2,900ರಷ್ಟು ಪೂರ್ಣಕಾಲಿಕ ಮೀಸಲು ಪೊಲೀಸರು, 1,300ರಷ್ಟು ಅರೆಕಾಲಿಕರಿದ್ದರು. ಕಾಯಂ ಬಲವನ್ನು 7,500ಕ್ಕೆ ಇಳಿಸಿ, ಪೂರ್ಣಕಾಲಿಕ ಮೀಸಲನ್ನು ಹಂತಹಂತವಾಗಿ ಮುಚ್ಚಬೇಕೆಂದು ಆಯೋಗ ಹೇಳಿತು. ಹೊರಡುವವರಿಗೆ ಉದಾರವಾದ ಸ್ವಯಂ ನಿವೃತ್ತಿ ಯೋಜನೆ ಬಂತು, ಸಾವಿರಾರು ಮಂದಿ ಹೊರಟರು. ಹೀಗೆ ಮೇಲಿಂದ ಖಾಲಿಯಾದದ್ದರಿಂದಲೇ ಕೆಳಗಿಂದ ತುಂಬಲು ಸಾಧ್ಯವಾಯಿತು. ನಿವೃತ್ತಿ ಯೋಜನೆ ಇಲ್ಲದ ಕೋಟಾ ಎಂದರೆ ತುಂಬಿದ ಕೊಡಕ್ಕೆ ನೀರು ಹೊಯ್ದಂತೆ.

ಇದಕ್ಕೂ ಬೆಲೆ ತೆರಬೇಕಾಯಿತು. ಹೊರಟವರಲ್ಲಿ ಅನುಭವಿ ಪತ್ತೆದಾರರು, ಗುಪ್ತಚರ ವಿಭಾಗದವರು ಬಹಳ ಜನ. ಯಾವ ಕೌಶಲ ಎಷ್ಟು ಉಳಿಯಬೇಕು ಎಂಬ ಲೆಕ್ಕ ಮೊದಲೇ ಆಗಿರಲಿಲ್ಲ. ಕೆಲ ವರ್ಷಗಳಲ್ಲೇ ಸಾವಿರಕ್ಕೂ ಹೆಚ್ಚು ನಿವೃತ್ತರು ಏಜೆನ್ಸಿಯ ಮೂಲಕ ತಾತ್ಕಾಲಿಕ ನೌಕರರಾಗಿ ಇಲಾಖೆಗೆ ಮರಳಿದ್ದರೆಂದು 2012ರಲ್ಲಿ ಲೆಕ್ಕಪರಿಶೋಧಕರ ವರದಿ ಬಯಲುಮಾಡಿತು. ನಿವೃತ್ತಿ ಪರಿಹಾರ ಕೈಗೆ ಬಂದಾಗಿತ್ತು, ಮೇಲೆ ಹೊಸ ಸಂಬಳ. ಹಣದ ಪ್ರಶ್ನೆ ಒಂದೆಡೆಯಿರಲಿ, ತಾತ್ಕಾಲಿಕ ನೌಕರರಾದ್ದರಿಂದ ಅವರಲ್ಲಿ ಅನೇಕರು ಒಂಬುಡ್ಸ್‌ಮನ್ ವ್ಯಾಪ್ತಿಗೇ ಬರುತ್ತಿರಲಿಲ್ಲ ಎಂಬುದು ಜನರನ್ನು ಹೆಚ್ಚು ಕೆರಳಿಸಿತು.

ತಿರುವುಗಳು

ಮೊದಲ ತಿರುವು ಕಾಯ್ದೆಯಲ್ಲೇ. 2000ದ ಪೊಲೀಸ್ ಕಾಯ್ದೆ ವರದಿಯ ಹಲ್ಲು ಕಿತ್ತಿದೆ ಎಂದು ಕ್ಯಾಥೊಲಿಕರ ಎರಡೂ ದೊಡ್ಡ ಪಕ್ಷಗಳು, ಅಂದರೆ ಸೌಮ್ಯ ನಿಲುವಿನ ಎಸ್‌ಡಿಎಲ್‌ಪಿ ಮತ್ತು ರಿಪಬ್ಲಿಕನ್ನರ ಶಿನ್ ಫೇನ್, ದೂರ ನಿಂತವು. 2001ರ ಜುಲೈಯಲ್ಲಿ ವೆಸ್ಟನ್ ಪಾರ್ಕ್‌ನಲ್ಲಿ ಮತ್ತೆ ಮಾತುಕತೆ ನಡೆದು, ಆಗಸ್ಟ್‌ನಲ್ಲಿ ಪರಿಷ್ಕೃತ ಜಾರಿ ಯೋಜನೆ ಬಂತು. ಕಾಯ್ದೆಯನ್ನು ತಿದ್ದುವ ಮಾತು ಸಿಕ್ಕ ಮೇಲೆ ಎಸ್‌ಡಿಎಲ್‌ಪಿ ಮಂಡಳಿ ಸೇರಿತು, 2003ರಲ್ಲಿ ತಿದ್ದುಪಡಿಯೂ ಆಯಿತು. ಕ್ಯಾಥೊಲಿಕ್ ಬಿಷಪ್ಪರೂ ಯುವಕರು ಸೇರಬಹುದು ಎಂದರು. 2001ರ ನವೆಂಬರ್‌ನಲ್ಲಿ ಗೇಲಿಕ್ ಅಸೋಸಿಯೇಷನ್ ತನ್ನ 21ನೇ ನಿಯಮ ರದ್ದು ಮಾಡಿತು. ಶಿನ್ ಫೇನ್ ಮಾತ್ರ ಹೊರಗೇ ಉಳಿಯಿತು. ಅದರ ಪಾಲಿನ ಎರಡು ಸ್ಥಾನ ಬೇರೆ ಪಕ್ಷಗಳಿಗೆ ಹೋದವು. ಅವರಿಗಾಗಿ ಕಾಯುತ್ತಾ ಕುರ್ಚಿ ಖಾಲಿ ಇಟ್ಟು ಕೆಲಸ ನಿಲ್ಲಿಸಲಿಲ್ಲ ಎನ್ನುವುದು ಸಣ್ಣ ವಿವರದಂತೆ ಕಂಡರೂ, ಪ್ರಕ್ರಿಯೆಯನ್ನು ಉಳಿಸಿದ ವಿವರ.

ಎರಡನೆಯದು 2001ರ ಡಿಸೆಂಬರ್. 1998ರ ಆಗಸ್ಟ್‌ನಲ್ಲಿ ಓಮಾ ಪಟ್ಟಣದಲ್ಲಿ 29 ಜನರನ್ನು ಬಲಿ ತೆಗೆದುಕೊಂಡ ಬಾಂಬ್ ಸ್ಫೋಟದ ಬಗ್ಗೆ ಒಂಬುಡ್ಸ್‌ಮನ್ ವರದಿ ಹೊರಬಂತು. ಮುನ್ಸೂಚನೆಯ ಮಾಹಿತಿಯನ್ನು ಸರಿಯಾಗಿ ಬಳಸಲಿಲ್ಲ, ತನಿಖೆಯ ನಾಯಕತ್ವದಲ್ಲಿ ದೋಷವಿದೆ ಎಂದು ಅದು ಹೇಳಿತು. ಮುಖ್ಯ ಪೊಲೀಸ್ ಅಧಿಕಾರಿ ಕಟುವಾಗಿ ಅಲ್ಲಗಳೆದರು. ಮಂಡಳಿಗೂ ಹೊಸ ಹೆಸರಿನ ಪಡೆಗೂ ಇನ್ನೂ ಎರಡು ತಿಂಗಳೂ ತುಂಬಿರಲಿಲ್ಲ. ಮಂಡಳಿ ಇಬ್ಬರನ್ನೂ ಕೂರಿಸಿ ಕೇಳಿ, ತನಿಖೆಯ ಮೇಲೆ ಹೊರಗಿನ ಹಿರಿಯ ಅಧಿಕಾರಿಯ ನಿಗಾ ಇರಿಸಿತು. ಯಾರೂ ಪೂರ್ತಿ ಗೆಲ್ಲಲಿಲ್ಲ. ಆದರೆ ಪೊಲೀಸ್ ಮುಖ್ಯಸ್ಥರ ಕೋಪಕ್ಕೂ ಬಗ್ಗದ ಕಚೇರಿ ಇದೆ ಎಂಬುದನ್ನು ಜನ ಕಣ್ಣಾರೆ ಕಂಡರು.

ಮೂರನೆಯದು 2007ರ ಜನವರಿ. ಆರ್‌ಯುಸಿಯ ಸ್ಪೆಷಲ್ ಬ್ರಾಂಚ್‌ಗೆ ‘ಪಡೆಯೊಳಗಿನ ಪಡೆ’ ಎಂದೇ ಹೆಸರಿತ್ತು. ಅದು ತನ್ನ ಬಾತ್ಮೀದಾರರನ್ನು ಉಳಿಸಿಕೊಳ್ಳಲು ಕೊಲೆ ತನಿಖೆಗಾರರಿಂದಲೇ ಮಾಹಿತಿ ಮುಚ್ಚಿಡುತ್ತಿತ್ತು ಎಂಬ ಆರೋಪ ಹಳೆಯದು. ಪಿಎಸ್‌ಎನ್‌ಐ ಅದನ್ನು ಅಪರಾಧ ತನಿಖೆಯ ಜೊತೆ ಒಂದೇ ವಿಭಾಗಕ್ಕೆ ಸೇರಿಸಿ, ಬಾತ್ಮೀದಾರರ ಪಟ್ಟಿ ಪರಿಶೀಲಿಸಿ, ಅಪರಾಧದಲ್ಲಿ ಮುಳುಗಿದ್ದವರನ್ನು ಕೈಬಿಟ್ಟಿತ್ತು. ಜನವರಿ 22ರಂದು ಬಂದ ಒಂಬುಡ್ಸ್‌ಮನ್ ವರದಿ, ಉತ್ತರ ಬೆಲ್‌ಫಾಸ್ಟ್‌ನಲ್ಲಿ ಕೊಲೆಗಳಲ್ಲಿ ಭಾಗಿಯಾದ ಬಾತ್ಮೀದಾರರಿಗೆ ಸ್ಪೆಷಲ್ ಬ್ರಾಂಚ್‌ನವರು ರಕ್ಷಣೆ ಕೊಟ್ಟದ್ದನ್ನು ಹಾಳೆ ಹಾಳೆಯಾಗಿ ಬಿಡಿಸಿಟ್ಟಿತು. ಪೊಲೀಸ್ ಮುಖ್ಯಸ್ಥರು ಈ ಬಾರಿ ಅಲ್ಲಗಳೆಯಲಿಲ್ಲ, ಕ್ಷಮೆ ಕೇಳಿದರು. ಅದಾದ ಆರನೇ ದಿನ, ಜನವರಿ 28ರಂದು, ಶಿನ್ ಫೇನ್ ವಿಶೇಷ ಸಮಾವೇಶ ಭಾರೀ ಬಹುಮತದಿಂದ ಪೊಲೀಸರಿಗೆ ಬೆಂಬಲ ಘೋಷಿಸಿತು. ಒಂದು ಇನ್ನೊಂದಕ್ಕೆ ಕಾರಣ ಎನ್ನಲಾಗದು. ಹಿಂದಿನ ಅಕ್ಟೋಬರ್‌ನ ಸೇಂಟ್ ಆಂಡ್ರ್ಯೂಸ್ ಒಪ್ಪಂದವೇ ದಾರಿ ಹಾಕಿತ್ತು. ಆದರೆ ಹಳೆಯ ಪಾಪವನ್ನು ಹೊಸ ಸಂಸ್ಥೆ ಬಯಲಿಗೆಳೆಯಬಲ್ಲದು ಎಂಬ ಪುರಾವೆ ಆ ವಾರ ಎಲ್ಲರ ಮುಂದಿತ್ತು. 2010ರ ಏಪ್ರಿಲ್ 12ರಂದು ಪೊಲೀಸ್ ಮತ್ತು ನ್ಯಾಯ ಖಾತೆ ಲಂಡನ್ನಿನಿಂದ ಬೆಲ್‌ಫಾಸ್ಟಿಗೆ ಬಂತು.

ನಾಲ್ಕನೆಯದು ಒಂದು ಶವಯಾತ್ರೆ. 2011ರ ಏಪ್ರಿಲ್‌ನಲ್ಲಿ ಓಮಾದಲ್ಲಿ ಯುವ ಕ್ಯಾಥೊಲಿಕ್ ಪೊಲೀಸರೊಬ್ಬರನ್ನು ಕಾರಿನಡಿಯ ಬಾಂಬಿಟ್ಟು ಕೊಂದರು. ಶಾಂತಿ ಒಪ್ಪದ ರಿಪಬ್ಲಿಕನ್ ಗುಂಪುಗಳ ಲೆಕ್ಕಾಚಾರ ಸ್ಪಷ್ಟವಾಗಿತ್ತು: ಕ್ಯಾಥೊಲಿಕರು ಸೇರುವುದನ್ನು ನಿಲ್ಲಿಸಬೇಕು. ಆದರೆ ಶವಯಾತ್ರೆಯ ದಿನ ಶವಪೆಟ್ಟಿಗೆಗೆ ಊರಿನ ಗೇಲಿಕ್ ಕ್ಲಬ್ಬಿನ ಆಟಗಾರರು ಹೆಗಲು ಕೊಟ್ಟರು, ಬಳಿಕ ಸಮವಸ್ತ್ರದ ಸಹೋದ್ಯೋಗಿಗಳು ಹೆಗಲು ಬದಲಿಸಿಕೊಂಡರು. ಯೂನಿಯನಿಸ್ಟ್ ಮುಖ್ಯಮಂತ್ರಿ ಕ್ಯಾಥೊಲಿಕ್ ಚರ್ಚಿನ ಪೂಜೆಗೆ ಬಂದು ಕೂತರು. ಹತ್ತು ವರ್ಷ ಹಿಂದೆ ಆ ಕ್ಲಬ್ಬಿಗೆ ಪೊಲೀಸನೊಬ್ಬ ಸದಸ್ಯನಾಗುವಂತೆಯೇ ಇರಲಿಲ್ಲ.

ಫಲಿತಾಂಶ

2011ರ ಮಾರ್ಚ್‌ನಲ್ಲಿ ಅರ್ಧಕ್ಕರ್ಧ ನಿಯಮವನ್ನು ಕೈಬಿಟ್ಟಾಗ ಕ್ಯಾಥೊಲಿಕರ ಪಾಲು ಶೇ 30ರ ಹತ್ತಿರ ಬಂದಿತ್ತು. ಗುರಿಯಿದ್ದದ್ದೂ ಅಷ್ಟೇ. ಅಲ್ಲಿಂದೀಚೆಗೆ ಅದು ಮೂರನೇ ಒಂದರ ಆಸುಪಾಸಿನಲ್ಲೇ ನಿಂತಿದೆ. ಅತ್ತ 2021ರ ಜನಗಣತಿಯಲ್ಲಿ ಕ್ಯಾಥೊಲಿಕರು ಹಾಗೂ ಕ್ಯಾಥೊಲಿಕರಾಗಿ ಬೆಳೆದವರು ಶೇ 45.7.

ಹಳೆಯ ಕೊಲೆಗಳ ವಿಷಯದಲ್ಲಿ ಸೋಲು ದೊಡ್ಡದು. 2005ರಲ್ಲಿ ಪಿಎಸ್‌ಎನ್‌ಐ ಒಳಗೇ ಐತಿಹಾಸಿಕ ತನಿಖಾ ತಂಡ ಮಾಡಿ, 3,200ಕ್ಕೂ ಹೆಚ್ಚು ಸಾವುಗಳ ಮರುಪರಿಶೀಲನೆ ಒಪ್ಪಿಸಿದರು. ಸರ್ಕಾರಿ ಪಡೆಗಳು ಭಾಗಿಯಾದ ಸಾವುಗಳನ್ನು ತಂಡ ಉಳಿದವುಗಳಷ್ಟು ಬಿಗಿಯಾಗಿ ನೋಡುತ್ತಿಲ್ಲ ಎಂದು 2013ರಲ್ಲಿ ಪೊಲೀಸ್ ತಪಾಸಣಾ ಸಂಸ್ಥೆ ಹೇಳಿತು, 2014ರ ಕೊನೆಗೆ ತಂಡ ಮುಚ್ಚಿತು. ಒಂಬುಡ್ಸ್‌ಮನ್ ಕಚೇರಿಯೂ ಈ ಹೊರೆಯಡಿ ಬಾಗಿತು. ಐತಿಹಾಸಿಕ ಪ್ರಕರಣಗಳಲ್ಲಿ ಅದರ ಸ್ವಾತಂತ್ರ್ಯ ಕುಗ್ಗಿದೆ ಎಂದು 2011ರಲ್ಲಿ ವರದಿ ಬಂದ ಮೇಲೆ ಆಗಿನ ಒಂಬುಡ್ಸ್‌ಮನ್ ಹುದ್ದೆ ಬಿಟ್ಟರು. ಗುಪ್ತಚರದಲ್ಲೂ ಒಂದು ಬಿರುಕು ಉಳಿಯಿತು. 2007ರಲ್ಲಿ ರಾಷ್ಟ್ರೀಯ ಭದ್ರತೆಯ ಗುಪ್ತಚರ ಹೊಣೆ ಬ್ರಿಟಿಷ್ ಬೇಹುಗಾರಿಕೆ ಸಂಸ್ಥೆ ಎಂಐ5ಗೆ ಹೋಯಿತು. ಅದರ ಮೇಲೆ ಒಂಬುಡ್ಸ್‌ಮನ್‌ಗೂ ಮಂಡಳಿಗೂ ಅಧಿಕಾರವಿಲ್ಲ. ಹೆಚ್ಚು ಬೆಳಕು ಬೇಕಿದ್ದ ಕೋಣೆ ಹೀಗೆ ಮನೆಯಿಂದಲೇ ಹೊರಗಾಯಿತು.

2023ರ ಆಗಸ್ಟ್ 8ರಂದು, ಮಾಹಿತಿ ಹಕ್ಕಿನ ಅರ್ಜಿಗೆ ಉತ್ತರ ಕೊಡುವಾಗ ಪಿಎಸ್‌ಎನ್‌ಐ ತನ್ನ ಸುಮಾರು 9,500 ಅಧಿಕಾರಿ ಸಿಬ್ಬಂದಿಯ ಕುಲನಾಮ, ಹೆಸರಿನ ಮೊದಲಕ್ಷರ, ದರ್ಜೆ, ಕೆಲಸದ ಸ್ಥಳಗಳಿದ್ದ ಸ್ಪ್ರೆಡ್‌ಶೀಟನ್ನೇ ಕೈತಪ್ಪಿ ಪ್ರಕಟಿಸಿತು. ಎರಡು ಗಂಟೆಗೂ ಹೆಚ್ಚು ಹೊತ್ತು ಅದು ಅಂತರ್ಜಾಲದಲ್ಲಿತ್ತು. ತಾನು ಪೊಲೀಸ್ ಎಂದು ಸ್ವಂತ ಬಂಧುಗಳಿಗೂ ಹೇಳದಿದ್ದ ಕ್ಯಾಥೊಲಿಕ್ ಅಧಿಕಾರಿಗಳ ಮೇಲೆ ಈ ಪೆಟ್ಟು ಎಲ್ಲರಿಗಿಂತ ಜೋರಾಗಿ ಬಿತ್ತು.

ಇದನ್ನು ಕೈಗೆತ್ತಿಕೊಳ್ಳುವವರಿಗೆ

ಮೇಲಿನ ದಿನಾಂಕಗಳ ಸಾಲನ್ನು ಹಾಗೇ ಬರೆದುಕೊಳ್ಳಿ: ಉಸ್ತುವಾರಿ, ದೂರು ಕಚೇರಿ, ಮಂಡಳಿ, ಹೆಸರು. ದೂರು ಕಚೇರಿಗೆ ಸ್ವಂತ ತನಿಖಾಧಿಕಾರಿಗಳಿಲ್ಲದಿದ್ದರೆ ಅದನ್ನು ತೆರೆಯದಿರುವುದೇ ಮೇಲು. ಪೊಲೀಸರನ್ನೇ ಎರವಲು ಪಡೆದು ಪೊಲೀಸರನ್ನು ತನಿಖೆ ಮಾಡಿಸಿದರೆ ಮೊದಲ ದೊಡ್ಡ ಪ್ರಕರಣದಲ್ಲೇ ನಂಬಿಕೆ ಕರಗುತ್ತದೆ. ನಿವೃತ್ತಿ ಯೋಜನೆ ಘೋಷಿಸುವ ಮುನ್ನ ಕೌಶಲದ ಪಟ್ಟಿ ಮಾಡಿ, ಮರುನೇಮಕಕ್ಕೆ ಕೆಲ ವರ್ಷಗಳ ತಡೆ ಹಾಕಿ, ಗುತ್ತಿಗೆ ನೌಕರರನ್ನೂ ಒಂಬುಡ್ಸ್‌ಮನ್ ವ್ಯಾಪ್ತಿಗೆ ತನ್ನಿ. ಹಳೆಯ ಸಾವುಗಳ ತನಿಖೆ ಹೊಸ ಪಡೆಯ ಕೊರಳಿಗೆ ಬೀಳದಂತೆ, ಅದಕ್ಕೆ ಪ್ರತ್ಯೇಕ ಸಂಸ್ಥೆ, ಪ್ರತ್ಯೇಕ ಹಣವನ್ನು ಒಪ್ಪಂದದಲ್ಲೇ ಬರೆಯಿರಿ. ಗುಪ್ತಚರ ಯಾರ ಕೈಗೆ ಹೋದರೂ ಲೆಕ್ಕ ಕೇಳುವವರ ಕೈ ಅಲ್ಲಿಗೂ ತಲುಪಬೇಕು.

ಕೋಟಾ ಮರಳಿ ತರಬೇಕೆಂಬ ಮಾತು ಉತ್ತರ ಐರ್ಲೆಂಡ್‌ನಲ್ಲಿ ಆಗಾಗ ಏಳುತ್ತದೆ. ಇದನ್ನು ಭಾವನೆಯಿಂದ ಅಳೆಯುವ ಬದಲು ಲೆಕ್ಕ ಹಾಕಿ ನೋಡುವುದು ಒಳ್ಳೆಯದು. 8,500ರ ಪಡೆಯಲ್ಲಿ ಶೇ 8 ಎಂದರೆ 680 ಜನ. ನಿವೃತ್ತಿಯಲ್ಲಿ ಅವರಲ್ಲೂ ಕೆಲವರು ಹೋಗಿ 500 ಉಳಿದರು ಎನ್ನಿ. ವರ್ಷಕ್ಕೆ 370 ನೇಮಕವಾದರೆ ಅದರಲ್ಲಿ ಅರ್ಧ 185, ಹತ್ತು ವರ್ಷಕ್ಕೆ 1,850. ಒಟ್ಟು 2,350. ಪಡೆಯ ಗಾತ್ರ 7,500ಕ್ಕೆ ಇಳಿದಿರುವುದರಿಂದ ಅದು ಶೇ 31. ಈ ಲೆಕ್ಕ ನಿಂತಿರುವುದು ಪ್ರತಿವರ್ಷ 370 ಹೊಸಬರಿಗೆ ಸಂಬಳ ಕೊಡುವ ಹಣ ಮತ್ತು ಅಷ್ಟೇ ಖಾಲಿ ಜಾಗದ ಮೇಲೆ. ಇಂದು ಪಡೆಯ ಬಲ 7,000ಕ್ಕಿಂತಲೂ ಕೆಳಗಿದೆ, ಹಣದ ಕೊರತೆಯಿಂದ ನೇಮಕಾತಿ ನಿಂತು ನಿಂತು ನಡೆಯುತ್ತಿದೆ. ವರ್ಷಕ್ಕೆ ನೂರೇ ಜನ ಸೇರಿದರೆ ಅರ್ಧಕ್ಕರ್ಧ ನಿಯಮದಿಂದ ಹತ್ತು ವರ್ಷಕ್ಕೆ ಬರುವವರು 500. ಅಷ್ಟರೊಳಗೆ 2002ರ ಏಪ್ರಿಲ್‌ನಲ್ಲಿ ತರಬೇತಿ ಮುಗಿಸಿ ಹೊರಬಂದ ಮೊದಲ ತಂಡದ ಕ್ಯಾಥೊಲಿಕ್ ಪೊಲೀಸರೇ ನಿವೃತ್ತಿಯ ಬಾಗಿಲಿಗೆ ಬಂದಿರುತ್ತಾರೆ.